ಓಬಯ್ಯ ಟರ್ಬೊಗೆ ಪೈಪು ಹಾಕಿದ್ದು

ಹೇಳ್ತೀನಿ, ಕೇಳಿ. ನಡುವೆ ಬಾಯಿ ಹಾಕಬೇಡಿ. ನಗು ಬಂದರೆ ನಕ್ಕುಬಿಡಿ, ಅದನ್ನು ತಡೆದು ಕೂತರೆ ನನಗೂ ಹೇಳೋಕೆ ಹುರುಪು ಇರಲ್ಲ.

ಹಿರಿಯೂರಿನಿಂದ ಸ್ವಲ್ಪ ಈಚೆಗೆ, ಹೆದ್ದಾರಿ ಪಕ್ಕದಲ್ಲಿ ಒಂದೂರು. ಊರಿನ ಹಿಂದೆ ಉದ್ದಕ್ಕೆ ಬೆಟ್ಟ, ಬೆಟ್ಟದ ಮೇಲೆ ಸಾಲಾಗಿ ಕರೆಂಟು ಮಾಡೋ ಗಾಳಿ ಫ್ಯಾನುಗಳು. ಆ ಊರಲ್ಲಿ ಗಾದ್ರಮ್ಮ ಅಂತ ಒಬ್ಬಳಿದ್ದಳು. ಹೆದ್ದಾರಿ ಬದಿಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಅವಳಿಗೊಬ್ಬ ಮಗ, ಓಬಯ್ಯ. ಆಳು ನೋಡಿದರೆ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ತೋಳು ಮೊಣಕಾಲಿನ ತನಕ ಉದ್ದ. ಮೂಟೆ ಎತ್ತು ಅಂದರೆ ಎತ್ತುತ್ತಾನೆ. ಇಳಿಸು ಅಂದರೆ ಇಳಿಸುತ್ತಾನೆ. ಏನೂ ಹೇಳದೆ ಬಿಟ್ಟರೆ ಹೊತ್ತುಕೊಂಡೇ ನಿಂತಿರುತ್ತಾನೆ.

ಒಂದು ದಿನ ಗಾದ್ರಮ್ಮ ಮನೆ ಮುಂದೆ ಶೇಂಗಾ ಒಣಹಾಕಿ, ಕೋಳಿ ಬಂದರೆ ಓಡಿಸು ಅಂತ ಹೇಳಿ ಗಾಡಿ ತಳ್ಳಿಕೊಂಡು ಹೋದಳು. ಓಬಯ್ಯ ಕೋಲು ಹಿಡಿದು ಕೂತ. ಬೆಳಗು ಕಳೆಯಿತು, ಬಿಸಿಲು ಏರಿತು, ಒಂದು ಕೋಳಿಯೂ ಬರಲಿಲ್ಲ. ಅವನಿಗೆ ಹೆದರಿಕೆ ಶುರುವಾಯಿತು. ಅವ್ವ ಹೇಳಿದ ಕೆಲಸ ಆಗಲಿಲ್ಲವಲ್ಲ, ಸಂಜೆ ಬಂದು ಕೇಳಿದರೆ ಏನಂತ ಹೇಳೋದು. ಎದ್ದು ಹೋಗಿ ಪಕ್ಕದ ಮನೆಯ ಗೂಡಿನ ಬಾಗಿಲು ತೆಗೆದ. ಇದ್ದಬದ್ದ ಕೋಳಿಗಳನ್ನೆಲ್ಲ ಮಂಕರಿಯಲ್ಲಿ ಹೊತ್ತು ತಂದು ಶೇಂಗಾದ ಮೇಲೆ ಬಿಟ್ಟ. ಬಿಟ್ಟು ಓಡಿಸಿದ. ಓಡಿಸಿ ಮತ್ತೆ ಹಿಡಿದು ತಂದು ಬಿಟ್ಟ. ಅವ್ವ ಬರುವ ಹೊತ್ತಿಗೆ ಕೋಳಿಗಳಿಗೂ ಸುಸ್ತು, ಮಗನಿಗೂ ಸುಸ್ತು. ಶೇಂಗಾ ಮಾತ್ರ ಇರಲಿಲ್ಲ.

ಊರವರು ಅವನನ್ನು ಪೆದ್ದ ಅಂದರು. ಅನ್ನಲಿ ಬಿಡಿ. ನನ್ನ ಕೇಳಿದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟು ಜನ ಇದ್ದಾರೆ, ಮೊದಲು ಅದನ್ನ ಹೇಳಿ.

ಆದರೆ ತಾಯಿ ಜೀವಕ್ಕೆ ಸಮಾಧಾನ ಎಲ್ಲಿಂದ ಬರಬೇಕು? ಅವನನ್ನು ಅಕ್ಕಿ ಗಿರಣಿಗೆ ಸೇರಿಸಿದಳು, ಕಳಿಸಿಬಿಟ್ಟರು. ಇಟ್ಟಿಗೆ ಗೂಡಿಗೆ ಸೇರಿಸಿದಳು, ಅವರೇ ಕರೆದುಕೊಂಡು ಬಂದು ಮನೆಗೆ ಬಿಟ್ಟು ಹೋದರು. ನನ್ನ ಕೈಕಾಲು ನಿಂತ ಮೇಲೆ ಇವನಿಗೆ ಯಾರು ಅನ್ನ ಹಾಕುತ್ತಾರೆ ಅನ್ನೋದೊಂದೇ ಅವಳ ಕೊರಗು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ನಾಳೆ ಕೆಲಸಕ್ಕೆ ಬಾ ಅಂತ ತನ್ನ ಮಗನಿಗೆ ಹೇಳಿದರೆ ಸಾಕಿತ್ತು ಅವಳಿಗೆ.

ಅವಳ ಗಾಡಿಯ ಎದುರಿಗೇ ದಾದಾಪೀರ್ ಮೇಸ್ತ್ರಿಯ ಗ್ಯಾರೇಜು. ಅವಳ ಬಜ್ಜಿ ತಿಂದೇ ಆ ಮನುಷ್ಯನ ಹೊಟ್ಟೆ ಮುಂದಕ್ಕೆ ಬಂದಿತ್ತು. ಆ ಸಲಿಗೆಯ ಮೇಲೆ ಗಾದ್ರಮ್ಮ ಹೋಗಿ ಕೇಳಿದಳು. ಮೇಸ್ತ್ರಿಗೆ ಓಬಯ್ಯನ ಕತೆ ಎಲ್ಲ ಗೊತ್ತು. ಇಲ್ಲ ಅನ್ನೋಕೆ ಬಾಯಿ ತೆಗೆದರು. ಅಷ್ಟರಲ್ಲಿ ಬಾಯಲ್ಲಿ ಬಜ್ಜಿ ಇತ್ತು, ಇಲ್ಲ ಅನ್ನೋದು ಹೊರಗೆ ಬರಲಿಲ್ಲ.

ಕೊನೆಗೆ ಒಂದು ಮಾತು ಹೇಳಿದರು. ಗ್ಯಾರೇಜಿನಲ್ಲಿ ಜಂಬಣ್ಣನ ಕಾರು ನಿಂತಿದೆ. ಜಂಬಣ್ಣ ದಿನಾ ಗಾಳಿ ಫ್ಯಾನಿನ ಕಂಪನಿಯ ಹುಡುಗರನ್ನು ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋಗುವವನು. ಕಾರು ತುಂಬಿದರೆ ಅರ್ಧ ಬೆಟ್ಟಕ್ಕೆ ಏದುಸಿರು ಬಿಡುತ್ತೆ. ಇನ್ನೊಂದು ಸಲ ನಡುದಾರಿಯಲ್ಲಿ ನಿಂತರೆ ಬೇರೆ ಗಾಡಿ ನೋಡ್ಕೋತೀವಿ ಅಂತ ಕಂಪನಿಯವರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಹಳೇ ಟರ್ಬೊ ತೆಗೆದು ದೊಡ್ಡ ಟರ್ಬೊ ಹಾಕಬೇಕು. ಆ ಕೆಲಸ ಮುಗಿಯೋವರೆಗೂ ಓಬಯ್ಯ ಇರಲಿ.

"ಜಂಬಣ್ಣನ ಕಾರು ಹೊಗೆ ಬಿಡ್ದೆ ಬೆಟ್ಟ ಹತ್ತಿದ್ರೆ ನಿನ್ ಮಗ ಇಲ್ಲೇ ಇರ್ತಾನೆ ಗಾದ್ರಮ್ಮ. ಇಲ್ಲಾಂದ್ರೆ ನನ್ನ ಕೇಳ್ಬ್ಯಾಡ."

ಗಾದ್ರಮ್ಮ ಮಗನಿಗೆ ತಲೆ ಬಾಚಿ, ಒಗೆದ ಶರ್ಟು ಹಾಕಿಸಿ, ಮೇಸ್ತ್ರಿ ಹೇಳಿದ್ದನ್ನು ಹೇಳಿದ ಹಾಗೇ ಮಾಡು ನನ್ನಪ್ಪ ಅಂತ ಹೇಳಿ ಕಳಿಸಿದಳು. ಬೇರೆ ಏನಾದರೂ ಹೇಳಬಾರದಿತ್ತೇ!

ಟರ್ಬೊ ಅಂದರೆ ಏನು ಅಂತ ನಿಮಗೂ ಒಂದು ಮಾತು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಕ್ಕೆ ತಲೆ ಕೆರೆದುಕೊಳ್ತೀರಿ. ಇಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಅದರ ರಭಸಕ್ಕೆ ಒಂದು ಪುಟ್ಟ ಫ್ಯಾನು ಗಿರ್ರನೆ ತಿರುಗುತ್ತೆ. ಅದು ತಿರುಗಿ ಇಂಜಿನ್ನಿಗೆ ಗಾಳಿ ತುಂಬುತ್ತೆ. ಗಾಳಿ ಜಾಸ್ತಿ ಹೋದಷ್ಟೂ ಗಾಡಿಗೆ ಕಸುವು ಜಾಸ್ತಿ. ಅಷ್ಟು ಜೋರಾಗಿ ತಿರುಗುವ ಫ್ಯಾನಿಗೆ ಎಣ್ಣೆ ಬೇಡವೇ? ಮೇಲಿನಿಂದ ಎಣ್ಣೆಯನ್ನು ಪಂಪು ತಳ್ಳಿಕೊಡುತ್ತೆ. ಆದರೆ ಅಲ್ಲಿಂದ ಕೆಳಗಿನ ಚೇಂಬರಿಗೆ, ಅಂದರೆ ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ, ಎಣ್ಣೆಯನ್ನು ಯಾರೂ ತಳ್ಳೋದಿಲ್ಲ. ಒಂದು ಪೈಪಿನಲ್ಲಿ ಅದು ತಾನಾಗಿಯೇ ಇಳಿಯಬೇಕು. ಇಳಿಯದೆ ನಿಂತರೆ ಉಕ್ಕಿ ಹೊಗೆಯ ದಾರಿಗೆ ನುಗ್ಗುತ್ತೆ. ಆಗ ಕಾರು ನೀಲಿ ಹೊಗೆ ಬಿಡುತ್ತೆ. ಹೊಸ ಟರ್ಬೊಗೆ ಹಳೇ ಪೈಪು ಹೊಂದುತ್ತಿರಲಿಲ್ಲ. ಹೊಸದು ಹಾಕಬೇಕಿತ್ತು. ಕತೆ ಇರೋದೇ ಈ ಪೈಪಿನಲ್ಲಿ.

ಮೊದಲ ದಿನ ಮೇಸ್ತ್ರಿ ಓಬಯ್ಯನನ್ನು ಅಂಗಡಿಗೆ ಕಳಿಸಿದರು. ಪೈಪು ಕೂರೋ ಜಾಗಕ್ಕೆ ಒಂದು ಪ್ಯಾಕಿಂಗ್ ಬೇಕು, ತಾ ಅಂದರು. ಅದು ತೆಳ್ಳಗೆ ಕಾಗದದ ಹಾಗಿರುತ್ತೆ. ಎಣ್ಣೆ ಸೋರದ ಹಾಗೆ ಎರಡು ಕಬ್ಬಿಣದ ನಡುವೆ ಕೂರಿಸೋದು. ಓಬಯ್ಯ ಅದನ್ನು ಮಡಿಚಿ, ಮತ್ತೆ ಮಡಿಚಿ, ಎಲೆ ಅಡಿಕೆ ಚೀಲದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದ. ಬಿಚ್ಚಿ ನೋಡಿದರೆ ಗೆರೆಗೆರೆ. ಮೇಸ್ತ್ರಿ ಹಣೆ ಚಚ್ಚಿಕೊಂಡು, ಇಂಥಾದ್ದನ್ನು ಎರಡು ಹಲಗೆ ನಡುವೆ ಇಟ್ಟು, ಚಪ್ಪಟೆಯಾಗಿ, ಗಟ್ಟಿಯಾಗಿ ಕಟ್ಟಿ ತರಬೇಕು ಕಣೋ ಅಂದರು.

ಓಬಯ್ಯ ಆಗಲಿ ಮೇಸ್ತ್ರಿ ಅಂದ.

ಮರುದಿನ ಪೈಪು ತರಲು ಕಳಿಸಿದರು. ಎಣ್ಣೆ ತಾಳುವಂಥ ದಪ್ಪ ರಬ್ಬರ್ ಪೈಪು, ಒಳ್ಳೇ ಅಗಲ ಬಾಯಿಯದು. ಓಬಯ್ಯನಿಗೆ ನಿನ್ನೆಯ ಮಾತು ಚೆನ್ನಾಗಿ ನೆನಪಿತ್ತು. ಪೈಪನ್ನು ಎರಡು ಹಲಗೆ ನಡುವೆ ಇಟ್ಟ. ಹಗ್ಗ ಸುತ್ತಿದ. ಚಪ್ಪಟೆ ಆಗಲಿಲ್ಲ. ಹತ್ತಿ ನಿಂತ. ಆಗಲೂ ಆಗಲಿಲ್ಲ. ಅಲ್ಲೇ ಹಿಂದಕ್ಕೆ ಬರುತ್ತಿದ್ದ ಟ್ರ್ಯಾಕ್ಟರಿನವನನ್ನು ಕೈಮುಗಿದು ಕೇಳಿಕೊಂಡು, ಹಲಗೆಯ ಮೇಲೆ ಚಕ್ರ ಹತ್ತಿಸಿದ. ಈಗ ಆಯಿತು. ಮಸಾಲೆ ದೋಸೆಯಷ್ಟು ಚಪ್ಪಟೆಯಾದ ಪೈಪನ್ನು ತಂದು ಮೇಸ್ತ್ರಿ ಮುಂದೆ ಇಟ್ಟು, ಗಟ್ಟಿಯಾಗಿ ಕಟ್ಟಿದೀನಿ ನೋಡಿ ಅಂತ ಹೆಮ್ಮೆಯಿಂದ ನಿಂತ.

ಮೇಸ್ತ್ರಿ ಆ ಪೈಪನ್ನು ನೋಡಿದರು, ಅವನನ್ನು ನೋಡಿದರು, ರಸ್ತೆಯಾಚೆ ಬಾಣಲೆ ಮುಂದೆ ನಿಂತು ಇತ್ತಲೇ ಕಣ್ಣು ನೆಟ್ಟಿದ್ದ ತಾಯಿಯನ್ನು ನೋಡಿದರು. ಬೈಗುಳದ ಅರ್ಧವನ್ನು ನುಂಗಿಕೊಂಡರು. ಉಳಿದ ಅರ್ಧವೇ ಸಾಕಷ್ಟು ಉದ್ದ ಇತ್ತು, ಅದನ್ನು ನಾನು ಹೇಳಲ್ಲ. ಪೈಪು ಅಂದಮೇಲೆ ಈ ತುದಿಯಿಂದ ಆ ತುದಿಗೆ ದಾರಿ ಇರಬೇಕಲ್ಲವೇನೋ, ತರುವ ಮುಂಚೆ ಒಂದು ಕಡೆ ಬಾಯಿಟ್ಟು ಊದು, ಇನ್ನೊಂದು ಕಡೆ ಗಾಳಿ ಬಂದರೆ ಮಾತ್ರ ತಾ ಅಂದರು.

ಓಬಯ್ಯ ಆಗಲಿ ಮೇಸ್ತ್ರಿ ಅಂದ.

ಬೇರೆ ಪೈಪನ್ನು ಮೇಸ್ತ್ರಿ ತಾವೇ ಹೋಗಿ ತಂದರು. ಓಬಯ್ಯನನ್ನು ಇಂಜಿನ್ ಆಯಿಲ್ ಡಬ್ಬಕ್ಕೆ ಕಳಿಸಿದರು. ಡಬ್ಬದಲ್ಲಿ ಕೆಡಿಸಲು ಏನಿದೆ ಅಂತ ಅವರ ಲೆಕ್ಕ. ಓಬಯ್ಯ ಡಬ್ಬದ ಮುಚ್ಚಳ ತೆಗೆದು ಊದಿದ. ಗಾಳಿ ಆಚೆ ಬರಲಿಲ್ಲ, ಎಣ್ಣೆ ಮುಖಕ್ಕೆ ಬಂತು. ತಿರುಗಿಸಿ ನೋಡಿದ, ಆಚೆ ಕಡೆ ಬಾಯಿಯೇ ಇಲ್ಲ. ಅಂಗಡಿಯವನ ಹತ್ತಿರ ಮೊಳೆ, ಸುತ್ತಿಗೆ ಇಸಕೊಂಡು ತಳಕ್ಕೆ ಒಂದು ತೂತು ಹೊಡೆದ. ಮತ್ತೆ ಊದಿದ. ಈಗ ಸರಾಗ. ಡಬ್ಬ ಹೆಗಲಿಗೇರಿಸಿ ಹಾಡು ಹೇಳಿಕೊಂಡು ಬಂದ. ಅಂಗಡಿಯಿಂದ ಗ್ಯಾರೇಜಿನ ತನಕ ರಸ್ತೆಗೆ ಕಪ್ಪಗೆ ಗೆರೆ ಎಳೆದ ಹಾಗಾಯಿತು. ಅದರ ಮೇಲೆ ಒಂದು ಸೈಕಲ್ ಜಾರಿತು, ಒಂದು ಎಮ್ಮೆ ಜಾರಿತು. ಎಮ್ಮೆ ಜಾರಿದ್ದನ್ನು ಆ ಊರಿನವರು ಅದೇ ಮೊದಲು ನೋಡಿದ್ದು.

ಆ ಸಂಜೆ ಗಾದ್ರಮ್ಮ ಮಗನ ತಲೆಯ ಎಣ್ಣೆಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೆಗೆದಳು. ತಿಕ್ಕುತ್ತಾ ಅತ್ತಳು. ಯಾಕವ್ವ ಅಳ್ತೀಯ ಅಂತ ಅವನು ಕೇಳಿದ. ಸೀಗೆ ಕಣ್ಣಿಗೆ ಬಿತ್ತು ಅಂದಳು. ಅವನು ಅದನ್ನೂ ನಂಬಿದ. ಸೀಗೆಪುಡಿ ಡಬ್ಬವನ್ನು ತೆಗೆದುಕೊಂಡು ಹೋಗಿ ಹಿತ್ತಲಾಚೆ ಎಸೆದು ಬಂದ, ಅವ್ವ ಇನ್ನು ಅಳಬಾರದು ಅಂತ. ಪೆದ್ದ ಅಂತೀರಲ್ಲ ಅವನನ್ನ.

ಮಾರನೇ ದಿನ ಮೇಸ್ತ್ರಿ ಹಳೇ ಟರ್ಬೊ ಬಿಚ್ಚಿದರು. ಬಿಚ್ಚಿದ ಇಂಜಿನ್ನಿನಲ್ಲಿ ಅಲ್ಲಲ್ಲಿ ಬಾಯಿ ತೆರೆದ ತೂತುಗಳು. ಹೆದ್ದಾರಿಯ ಧೂಳು ಒಳಗೆ ಹೋದರೆ ಹೊಸ ಟರ್ಬೊ ಒಂದೇ ದಿನಕ್ಕೆ ಹಾಳು. ಮೇಸ್ತ್ರಿ ಊಟಕ್ಕೆ ಹೋಗುವಾಗ, ಎಲ್ಲೆಲ್ಲಿ ತೂತು ಕಾಣುತ್ತೋ ಅಲ್ಲೆಲ್ಲ ಬಟ್ಟೆ ತುರುಕು, ಒಂದು ಚಿಟಿಕೆ ಧೂಳೂ ಒಳಗೆ ಹೋಗಬಾರದು ಅಂದರು.

ಓಬಯ್ಯ ಆಗಲಿ ಮೇಸ್ತ್ರಿ ಅಂದ.

ಇಂಜಿನ್ನಿನ ತೂತುಗಳಿಗೆ ತುರುಕಿದ. ಹೊಸ ಟರ್ಬೊದ ತೂತುಗಳಿಗೆ ತುರುಕಿದ. ಹೊಸ ಪೈಪಿನ ಬಾಯಿಗೆ ತುರುಕಿದ. ತುದಿಯಲ್ಲಿದ್ದರೆ ಬಿದ್ದುಹೋಗುತ್ತೆ ಅಂತ ಕಡ್ಡಿಯಿಂದ ತಳ್ಳಿ ತಳ್ಳಿ ನಟ್ಟನಡುವಿಗೆ ಕೂರಿಸಿದ. ಆಮೇಲೂ ತೂತುಗಳು ಕಂಡವು. ಬೀಗದ ತೂತು, ಚಹಾ ಕೆಟಲಿನ ಮೂತಿ, ಗೋಡೆಯ ಪ್ಲಗ್ಗು, ಜಂಬಣ್ಣನ ಕಾರಿನ ಹಾರ್ನು. ಮೂಲೆಯಲ್ಲಿ ಇಲಿ ಬಿಲ ಇತ್ತು, ಅದನ್ನೂ ಬಿಡಲಿಲ್ಲ. ಬಟ್ಟೆ ಮುಗಿಯಿತು. ಹಾಕಿಕೊಂಡಿದ್ದ ಶರ್ಟನ್ನು ಹರಿದ.

ಮೇಸ್ತ್ರಿ ಬಂದು, ಕಂಡ ಬಟ್ಟೆಗಳನ್ನೆಲ್ಲ ಕಿತ್ತು ತೆಗೆದರು. ಟರ್ಬೊ ಕೂರಿಸಿದರು. ಪೈಪಿನ ತುದಿಯಲ್ಲಿ ಬಟ್ಟೆ ಕಾಣಲಿಲ್ಲ, ಅದನ್ನು ಹಾಗೇ ಹಾಕಿ ಕ್ಲಿಪ್ಪು ಬಿಗಿದರು. ಜಂಬಣ್ಣ ದೇವರಿಗೆ ಕೈಮುಗಿದು ಇಂಜಿನ್ ಚಾಲು ಮಾಡಿದ. ಮೊದಲು ಚೆನ್ನಾಗಿಯೇ ಗುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಎದುರಿನ ಚಹಾ ಅಂಗಡಿ ಕಾಣದಾಯಿತು. ಚಿತ್ರದುರ್ಗದ ಬಸ್ಸು ಬೆಂಕಿ ಬಿದ್ದಿದೆ ಅಂತ ನಿಂತುಬಿಟ್ಟಿತು. ಮೇಸ್ತ್ರಿ ಗಾಬರಿಯಲ್ಲಿ ಒಳಗೆ ಕೈಹಾಕಿ, ಕಾದ ಟರ್ಬೊ ಮುಟ್ಟಿ ಅಂಗೈ ಸುಟ್ಟುಕೊಂಡರು.

ಹೊಗೆ ತಿಳಿಯಾದಮೇಲೆ ಓಬಯ್ಯನನ್ನು ಎದುರಿಗೆ ನಿಲ್ಲಿಸಿ ಮೆಲ್ಲಗೆ ಕೇಳಿದರು. ಮೇಸ್ತ್ರಿ ಮೆಲ್ಲಗೆ ಮಾತಾಡಿದರೆ ಗ್ಯಾರೇಜಿನ ನಾಯಿಯೂ ಎದ್ದು ಹೋಗುತ್ತಿತ್ತು.

"ಪೈಪಿನೊಳಗೆ ಬಟ್ಟೆ ತುರುಕಿದ್ದಾ?"

"ತುರುಕಿದ್ದೆ ಮೇಸ್ತ್ರಿ."

"ತೆಗ್ದಾ?"

"ತೆಗಿ ಅಂತ ನೀವು ಹೇಳ್ಲಿಲ್ವಲ್ಲ."

ಮೇಸ್ತ್ರಿ ಕೂತುಬಿಟ್ಟರು. ಜಂಬಣ್ಣ ಅದಾಗಲೇ ತಲೆ ಮೇಲೆ ಕೈಹೊತ್ತು ಕೂತಿದ್ದ. ನಾಳೆ ಮಧ್ಯಾಹ್ನದ ಪಾಳಿಗೆ ಕಂಪನಿ ಹುಡುಗರು ಕಾಯುತ್ತಾರೆ, ಕಾರು ಹೋಗದಿದ್ದರೆ ಅವನ ಕೆಲಸಕ್ಕೆ ಕುತ್ತು. ಮೇಸ್ತ್ರಿ ರಸ್ತೆಯಾಚೆಗೆ ಕೂಗಿ ಗಾದ್ರಮ್ಮನನ್ನು ಕರೆದರು. ಮಗನನ್ನು ಕರೆದುಕೊಂಡು ಹೋಗು, ನನ್ನ ಕೈಲಾಗಲ್ಲ ಅಂದರು.

ಗಾದ್ರಮ್ಮ ಸ್ಟೌವ್ ಆರಿಸಿ ಬಂದಳು. ಮಗನ ಹರಿದ ಶರ್ಟು ನೋಡಿದಳು, ಮೇಸ್ತ್ರಿಯ ಸುಟ್ಟ ಅಂಗೈ ನೋಡಿದಳು. ಕಾಲು ಹಿಡಿಯಲಿಲ್ಲ, ಅಳಲಿಲ್ಲ. ಸೀಗೆಪುಡಿಯೂ ಇರಲಿಲ್ಲ ಬಿಡಿ. ಮೇಸ್ತ್ರಿ, ಆ ಪೈಪು ಹೆಂಗಿರ್ಬೇಕು ಅಂತ ನಂಗೆ ಹೇಳಿ, ಮೊದ್ಲಿಂದ ಕೊನೇವರ್ಗೂ ಹೇಳಿ, ಅಂದಳು. ನಿನಗೇನು ಗೊತ್ತಾಗುತ್ತೆ ಅಂತ ಅವರು ಕೇಳಿದರು. ನಂಗೆ ಗೊತ್ತಾಗ್ಬೇಕಿಲ್ಲ, ಅವನಿಗೆ ಹೆಂಗೆ ಹೇಳ್ಬೇಕು ಅನ್ನೋದು ನಂಗೆ ಗೊತ್ತು ಅಂದಳು.

ಹೇಗೂ ಮೇಸ್ತ್ರಿಯ ಕೈ ಸುಟ್ಟಿತ್ತು. ಟರ್ಬೊ ಕೂತಿರೋದು ಇಂಜಿನ್ನಿನ ಹಿಂದೆ, ಇಕ್ಕಟ್ಟಿನ ಸಂದಿಯಲ್ಲಿ. ಅಲ್ಲಿಗೆ ಕೈ ಹೋಗುವಂಥ ಉದ್ದದ ತೋಳು ಆ ಊರಲ್ಲಿ ಇದ್ದದ್ದು ಒಬ್ಬನಿಗೇ. ಬೇರೆ ದಾರಿ ಇರಲಿಲ್ಲ. ಮೇಸ್ತ್ರಿ ಹೇಳಿದರು. ಗಾದ್ರಮ್ಮ ಕೇಳಿಸಿಕೊಂಡು, ಮಗನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು.

"ಓಬಯ್ಯ, ಮೊದ್ಲು ಒಳಗಿರೋ ಬಟ್ಟೆ ಎಲ್ಲ ತೆಗ್ದು ಮೇಸ್ತ್ರಿ ಕೈಗೆ ಕೊಡು. ಆಮ್ಯಾಕೆ ಪೈಪು ಹಾಕು. ಮ್ಯಾಲಿನ ತುದಿ ಟರ್ಬೊಗೆ, ಕೆಳಗಿನ ತುದಿ ಚೇಂಬರಿಗೆ. ಪೈಪು ಇಳೀತಾನೇ ಹೋಗ್ಬೇಕು. ಎಲ್ಲೂ ಮ್ಯಾಕೆ ಏಳ್ಬಾರ್ದು, ಎಲ್ಲೂ ಜೋತು ಬೀಳ್ಬಾರ್ದು, ಎಲ್ಲೂ ಮಡಿಚ್ಕೊಬಾರ್ದು. ಬಿಸಿ ಸೈಲೆನ್ಸರ್ ಮುಟ್ಟಬಾರ್ದು. ಕ್ಲಿಪ್ಪು ಬಿಗಿ, ಮೇಸ್ತ್ರಿ ಸಾಕು ಅಂದಾಗ ನಿಲ್ಸು. ಮ್ಯಾಲೆ ಎಣ್ಣೆ ಹುಯ್ದ್ರೆ ಕೆಳಗೆ ಬರ್ಬೇಕು. ಯಾವಾಗ್ಲೂ ಬರ್ಬೇಕು."

ಓಬಯ್ಯ ಆಗಲಿ ಅವ್ವ ಅಂದ.

ಬಟ್ಟೆ ತೆಗೆದ. ಒಂದೊಂದನ್ನೂ ಮೇಸ್ತ್ರಿ ಕೈಗೆ ಕೊಟ್ಟ. ಪೈಪು ಬಿಚ್ಚಿ, ನಡುವೆ ಸಿಕ್ಕಿಕೊಂಡಿದ್ದ ಬಟ್ಟೆಯನ್ನೂ ಎಳೆದು ಕೊಟ್ಟ. ಸಂದಿಯೊಳಗೆ ತೋಳು ಇಳಿಸಿ ಪೈಪು ಕೂರಿಸಿದ. ಒಂದು ಕಡೆ ಜೋತು ಬಿದ್ದ ಹಾಗೆ ಕಂಡಿತು. ನಾವಾಗಿದ್ದರೆ ಇಷ್ಟು ಪರವಾಗಿಲ್ಲ ಅಂತ ಬಿಡ್ತಿದ್ದೆವು. ಅವನಿಗೆ ಪರವಾಗಿಲ್ಲ ಅನ್ನೋದು ಗೊತ್ತಿಲ್ಲ. ಬಿಚ್ಚಿದ, ತುದಿ ಕೊಯ್ದು ಗಿಡ್ಡ ಮಾಡಿದ, ಮತ್ತೆ ಹಾಕಿದ. ಬೆರಳಿನಿಂದ ಪೈಪಿನ ಮೈಯನ್ನು ಮೇಲಿನಿಂದ ಕೆಳಗಿನ ತನಕ ಸವರಿ ನೋಡಿದ. ಕ್ಲಿಪ್ಪು ಬಿಗಿದ, ಸಾಕು ಅಂದ ಕೂಡಲೇ ಕೈ ತೆಗೆದ. ಚೇಂಬರಿನ ಕಡೆಯ ತುದಿಯನ್ನು ಒಂದು ಸಲ ಬಿಡಿಸಿ, ಅಡಿಗೆ ತಟ್ಟೆಯಿಟ್ಟು, ಮೇಲೆ ಎಣ್ಣೆ ಹುಯ್ದ. ಕೆಳಗೆ ಬಂತು. ಮತ್ತೆ ಹುಯ್ದ. ಮತ್ತೆ ಬಂತು. ಯಾವಾಗ್ಲೂ ಬರ್ಬೇಕು ಅಂತ ಅವ್ವ ಹೇಳಿದ್ದರಿಂದ ಹುಯ್ಯುತ್ತಲೇ ಇದ್ದ. ಸಾಕು ಮಾರಾಯ, ನಂಬಿದೆ ಅಂತ ಮೇಸ್ತ್ರಿ ಡಬ್ಬ ಕಿತ್ತುಕೊಂಡರು.

ತುದಿ ಮತ್ತೆ ಕೂರಿಸಿ ಬಿಗಿದಮೇಲೆ ಜಂಬಣ್ಣ ಇಂಜಿನ್ ಚಾಲು ಮಾಡಿದ. ಎಲ್ಲರೂ ಸೈಲೆನ್ಸರಿನ ಮುಂದೆ ಕೂತು ನೋಡಿದರು. ಹೊಗೆ ಇಲ್ಲ. ಇನ್ನಷ್ಟು ಹೊತ್ತು ನೋಡಿದರು. ಹೊಗೆ ಬರಲೇ ಇಲ್ಲ. ಮೇಸ್ತ್ರಿ ಬೀಡಿ ಹಚ್ಚಿದರು. ಬೆಟ್ಟ ಇನ್ನೂ ಹತ್ತಬೇಕಲ್ಲ ಅಂತ ಗಾದ್ರಮ್ಮನೇ ತನಗೆ ತಾನೇ ಹೇಳಿಕೊಂಡಳು.

ಮಾರನೇ ದಿನ ಶುಕ್ರವಾರ. ಮಧ್ಯಾಹ್ನ ಮೇಸ್ತ್ರಿ ಮಸೀದಿಗೆ ಹೊರಟರು. ಹೊರಡುವ ಮುಂಚೆ ಓಬಯ್ಯನನ್ನು ಜಂಬಣ್ಣನ ಪಕ್ಕ ಕೂರಿಸಿ, ಬೆಟ್ಟದ ತುದಿ ತನಕ ಜೊತೆಗಿರು, ನಿಮ್ಮವ್ವ ಹೇಳಿದ್ದರಲ್ಲಿ ಒಂದೂ ತಪ್ಪಬಾರದು ಅಂದರು.

ಓಬಯ್ಯ ಆಗಲಿ ಮೇಸ್ತ್ರಿ ಅಂದ.

ಕಂಪನಿ ಹುಡುಗರು ಹತ್ತಿದರು. ಕಾರು ಊರು ದಾಟಿತು, ಹೊಲ ದಾಟಿತು, ಬೆಟ್ಟದ ಬುಡಕ್ಕೆ ಬಂತು. ರಸ್ತೆ ಮೇಲಕ್ಕೆ ಎದ್ದಿತು. ಕಾರಿನ ಮೂತಿಯೂ ಎದ್ದಿತು. ಓಬಯ್ಯ ನಿಲ್ಸು ಅಂತ ಕಿರುಚಿಕೊಂಡ. ಜಂಬಣ್ಣ ಬ್ರೇಕು ತುಳಿದ.

ಓಬಯ್ಯ ಕೆಳಗಿಳಿದು ಅವನಿಗೆ ಬಿಡಿಸಿ ಹೇಳಿದ. ಟರ್ಬೊ ಇಂಜಿನ್ನಿನ ಹಿಂದೆ ಇದೆ. ಪೈಪು ಅಲ್ಲಿಂದ ಮುಂದಕ್ಕೆ ಇಳಿಯುತ್ತೆ. ಕಾರಿನ ಮೂತಿ ಮೇಲಕ್ಕೆ ಹೋದರೆ ಪೈಪಿನ ಕೆಳಗಿನ ತುದಿಯೂ ಮೇಲಕ್ಕೆ ಹೋಗುತ್ತೆ. ಎಲ್ಲೂ ಮೇಲಕ್ಕೆ ಏಳಬಾರದು ಅಂತ ಅವ್ವ ಹೇಳಿದ್ದಾಳೆ. ನೀರಿನ ಬಾಟಲಿಯನ್ನು ಓರೆಯಾಗಿ ಹಿಡಿದು ತೋರಿಸಿದ. ಹೀಗಿದ್ದರೆ ಹೋಗುತ್ತೆ. ಹೀಗೆ ಎತ್ತಿದರೆ ವಾಪಸ್ ಬರುತ್ತೆ.

ಹಿಂದಿನ ಸೀಟಿನ ಇಂಜಿನಿಯರ್ ಹುಡುಗನೊಬ್ಬ ನಕ್ಕು, ಅಷ್ಟಕ್ಕೆಲ್ಲ ಏನೂ ಆಗಲ್ಲ ನಡೀರಿ ಅಂದ. ಅವನು ಹೇಳಿದ್ದೇ ಸರಿ. ಆದರೆ ಜಂಬಣ್ಣ ನಿನ್ನೆಯ ಹೊಗೆ ನೋಡಿದ್ದ, ಆ ಹುಡುಗ ನೋಡಿರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದ, ಸ್ವಿಚ್ ಆಫ್. ಬಾಟಲಿ ನೋಡಿದ. ಬೆಟ್ಟ ನೋಡಿದ. ಮತ್ತೆ ಹೆಂಗ್ಲಾ ಹತ್ತೋದು ಅಂತ ಕೇಳಿದ.

"ಕಾರು ತಿರುಗ್ಸು ಜಂಬಣ್ಣ. ರಿವರ್ಸಲ್ಲಿ ಹತ್ತು."

ಇತ್ತ ಮೇಸ್ತ್ರಿ ನಮಾಜು ಮುಗಿಸಿ ಬಂದರು. ಗಾದ್ರಮ್ಮ ಗಾಡಿಯ ಮುಂದೆ ನಿಂತು ಬೆಟ್ಟವನ್ನೇ ನೋಡುತ್ತಿದ್ದಳು. ಬಾಣಲೆಯಲ್ಲಿ ಬಜ್ಜಿ ಕರಕಾಗುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಮೇಸ್ತ್ರಿಯೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಬೆಟ್ಟದ ರಸ್ತೆಯಲ್ಲಿ ಜಂಬಣ್ಣನ ಬಿಳಿ ಕಾರು. ಮೂತಿ ಊರ ಕಡೆಗಿದೆ. ಮೇಸ್ತ್ರಿಯ ಮುಖ ಬಾಡಿತು. ಅರ್ಧಕ್ಕೇ ವಾಪಸ್ ಬರ್ತಿದಾರೆ, ಆಗಲಿಲ್ಲ ಗಾದ್ರಮ್ಮ ಅಂದರು.

"ಬರ್ತಿಲ್ಲ ಮೇಸ್ತ್ರಿ. ಸರಿಯಾಗಿ ನೋಡಿ. ಚಿಕ್ಕದಾಗ್ತಾ ಐತೆ."

ಹೌದು. ಕಾರಿನ ಮೂತಿ ಊರ ಕಡೆಗೇ ಇತ್ತು, ಕಾರು ಮಾತ್ರ ಚಿಕ್ಕದಾಗುತ್ತಾ ಆಗುತ್ತಾ ಮೇಲೆ ಹೋಗುತ್ತಿತ್ತು. ಅದಕ್ಕಿಂತ ಮೇಲೆ, ರಸ್ತೆಯ ನಡುವೆ, ಉದ್ದನೆಯ ತೋಳು ಬೀಸಿಕೊಂಡು ಹಿಂದೆ ಹಿಂದೆಯೇ ನಡೆಯುತ್ತಾ ಒಬ್ಬ ಹೋಗುತ್ತಿದ್ದ. ಬರ್ಲಿ ಬರ್ಲಿ ಬರ್ಲಿ ಅನ್ನೋದು ಅಷ್ಟು ದೂರಕ್ಕೆ ಕೇಳಿಸದಿದ್ದರೂ ಕೈ ನೋಡಿದರೆ ತಿಳಿಯುತ್ತಿತ್ತು. ಚಹಾ ಅಂಗಡಿಯವರೆಲ್ಲ ಎದ್ದು ಹೊರಗೆ ಬಂದರು. ಏನಿದು ಏನಿದು ಅಂತ ಒಬ್ಬರನ್ನೊಬ್ಬರು ಕೇಳಿದರು. ಗಾದ್ರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಗುಡಿಯಿಂದ ಹೊರಗೆ ಬರುವಾಗ ದೇವರಿಗೆ ಬೆನ್ನು ತೋರಿಸ್ತೀವಾ, ಹಿಂದಕ್ಕೆ ನಡ್ಕೊಂಡು ಬರಲ್ವಾ, ನನ್ನ ಮಗ ಊರಿಗೆ ಬೆನ್ನು ತೋರಿಸ್ದೆ ಹೋಗ್ತಾವ್ನೆ.

ಹೇಳಿದಳೇ ಹೊರತು ಬೆಟ್ಟದಿಂದ ಕಣ್ಣು ತೆಗೆಯಲಿಲ್ಲ.

ಕಾರು ಒಂದು ಚುಕ್ಕೆಯಾಯಿತು. ಫ್ಯಾನುಗಳ ಬುಡ ಮುಟ್ಟಿ ನಿಂತಿತು. ಮೇಸ್ತ್ರಿಯ ಫೋನು ಬಡಿದುಕೊಂಡಿತು. ಜಂಬಣ್ಣ. ಮೇಲೆ ಬಂದ್ವಿ ಮೇಸ್ತ್ರಿ, ಹೊಗೆ ಒಂದೆಳೆಯೂ ಇಲ್ಲ, ಗಾಡಿ ಏನ್ ಎಳೀತೈತೆ ಅಂತೀರ, ನನ್ನ ಕತ್ತೊಂದು ಹಿಡ್ಕೊಂಡೈತೆ ಅಂದ. ಕಂಪನಿ ಹುಡುಗರು ದಾರಿಯುದ್ದಕ್ಕೂ ಊರು, ಹೊಲ, ಕೆರೆ ಎಲ್ಲ ನೋಡಿಕೊಂಡು ಬಂದು ಖುಷಿಯಾಗಿದ್ದಾರಂತೆ. ನಾಳೆಯೂ ಇದೇ ಕಾರು ಬರಲಿ ಅಂದರಂತೆ.

ಮೇಸ್ತ್ರಿ ಫೋನು ಇಟ್ಟರು. ಗಾದ್ರಮ್ಮ ಅವರ ಮುಂದೆ ಬಂದು ನಿಂತಳು.

"ಕಾರು ಬೆಟ್ಟ ಹತ್ತಿತಾ ಮೇಸ್ತ್ರಿ?"

"ಹತ್ತಿತು."

"ಹೊಗೆ ಬಿಡ್ತಾ?"

"ಇಲ್ಲ ಕಣಮ್ಮ."

ಮೇಸ್ತ್ರಿ ಮೀಸೆಯೊಳಗೇ ನಕ್ಕರು. ಆಮೇಲೆ ಮೀಸೆಯ ಹೊರಗೂ ನಕ್ಕರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅವಳ ಗಾಡಿಗೇ ಒರಗಿ ನಕ್ಕರು.

ಸಂಜೆ ಓಬಯ್ಯ ಇಳಿದು ಬಂದಾಗ ಬೈಗುಳ ತಪ್ಪಲಿಲ್ಲ. ಪೈಪಿನ ಇಳಿಜಾರು ಕಡಿದಾಗಿದೆ ಕಣೋ, ಆ ಬೆಟ್ಟದ ಏರು ಅದರ ಮುಂದೆ ಯಾವ ಲೆಕ್ಕ, ಮೂತಿ ಎಷ್ಟು ಎತ್ತಿದರೂ ಎಣ್ಣೆ ಕೆಳಗೇ ಇಳಿಯುತ್ತೆ ಅಂತ ಕೈಯಲ್ಲಿ ಪೈಪಿನ ತುಂಡು ಹಿಡಿದು ಓರೆ ಮಾಡಿ, ಎತ್ತಿ, ಇಳಿಸಿ ತೋರಿಸಿದರು. ಓಬಯ್ಯ ಕಣ್ಣು ಮಿಟುಕಿಸದೆ ನೋಡಿದ. ತಾನೇ ಕೈಗೆ ತೆಗೆದುಕೊಂಡು ಓರೆ ಮಾಡಿ ನೋಡಿದ. ಹೌದಲ್ವಾ ಮೇಸ್ತ್ರಿ ಅಂದ. ಅವನು ಒಂದು ಮಾತನ್ನು ಹಾಗೆ ತಿರುಗಿಸಿ ನೋಡಿದ್ದು ಅದೇ ಮೊದಲು, ಅದು ಮೇಸ್ತ್ರಿಗೂ ಕಂಡಿತು. ಅವರ ದನಿ ಇಳಿಯಿತು. ಇನ್ಮೇಲೆ ಏನೇ ಮಾಡೋ ಮುಂಚೆ ನನ್ನ ಕೇಳು ಅಂದರು. ಕೇಳು ಅಂದರೇ ಹೊರತು ಬಾ ಅನ್ನಲಿಲ್ಲ. ಗಾದ್ರಮ್ಮ ಅದನ್ನು ಗಮನಿಸಿದಳು, ಮನಸ್ಸಿನಲ್ಲೇ ಇಟ್ಟುಕೊಂಡು ಮಲಗಿದಳು.

ಬೆಳಕು ಹರಿಯಿತು. ಗಾದ್ರಮ್ಮ ಎದ್ದು ಒಲೆ ಹಚ್ಚಿದಳು. ಮಗ ಏಳಲಿಲ್ಲ. ಕರೆದಳು, ಏಳಲಿಲ್ಲ. ಹೋಗಿ ನೋಡಿದರೆ ಕಣ್ಣು ಮುಚ್ಚಿಕೊಂಡೇ ಮಲಗಿದ್ದಾನೆ, ಕಿವಿಗೆ ಫೋನು ಒತ್ತಿಕೊಂಡಿದ್ದಾನೆ.

"ಮೇಸ್ತ್ರಿ, ನಾನು ಓಬಯ್ಯ. ಕಣ್ಣು ಬಿಡ್ಲಾ?"

ಆ ಕಡೆಯಿಂದ ನಿದ್ದೆಗಣ್ಣಿನ ಮೇಸ್ತ್ರಿ ಏನೋ ಗೊಣಗಿದ್ದು ಕೇಳಿಸಿತು. ಓಬಯ್ಯ ಕಣ್ಣು ಬಿಟ್ಟ. ಎದ್ದೇಳ್ಲಾ ಮೇಸ್ತ್ರಿ ಅಂತ ಕೇಳಿದ. ಗಾದ್ರಮ್ಮ ಬಾಗಿಲ ಹತ್ತಿರ ನಿಂತು ಕಿವಿಗೊಟ್ಟಳು. ಆಮೇಲೆ ಮೇಸ್ತ್ರಿಯ ದೊಡ್ಡ ಗಂಟಲು ಆ ಪುಟ್ಟ ಮನೆಯ ಮೂಲೆಮೂಲೆಗೂ ಕೇಳಿಸಿತು.

"ಏಳಪ್ಪ. ಹಂಗೇ ಎದ್ದು ಕೆಲಸಕ್ಕೆ ಬಾ."

ಗಾದ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತುಬಿಟ್ಟಳು. ಎಷ್ಟು ಕಡೆ ತಿರುಗಿ, ಎಷ್ಟು ಜನರನ್ನು ಬೇಡಿ, ಕೊನೆಗೂ ಆ ಮಾತು ಬಂದಿತ್ತು. ಕಣ್ಣೀರು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಮಗ ಮನೆಯಲ್ಲಿರಲಿಲ್ಲ.

ಹಂಗೇ ಎದ್ದು ಬಾ ಅಂದಿದ್ದರಲ್ಲ. ಹಾಗೇ ಎದ್ದು ಹೋಗಿದ್ದ, ಹೊದ್ದ ಕಂಬಳಿಯ ಜೊತೆಗೆ. ಗಾದ್ರಮ್ಮ ಒಗೆದಿಟ್ಟಿದ್ದ ಇನ್ನೊಂದು ಶರ್ಟು ಕೈಯಲ್ಲಿ ಹಿಡಿದು ಹಿಂದೆಯೇ ಓಡಿದಳು. ಗ್ಯಾರೇಜಿನ ಬಾಗಿಲಲ್ಲಿ ಮಗ ಕಂಬಳಿ ಸುತ್ತಿಕೊಂಡು ನಿಂತಿದ್ದ. ಮೇಸ್ತ್ರಿ ಶಟರ್ ಎತ್ತಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಗಾದ್ರಮ್ಮನ ಕೈಯಿಂದ ಶರ್ಟು ಇಸಕೊಂಡು ಅವನಿಗೆ ಕೊಟ್ಟು, ಮೊದ್ಲು ಶರ್ಟು ಹಾಕ್ಕೊ ಅಂದರು.

ಓಬಯ್ಯ ಆಗಲಿ ಮೇಸ್ತ್ರಿ ಅಂದ. ಕಂಬಳಿಯ ಮೇಲೆಯೇ ಶರ್ಟು ಹಾಕಿಕೊಂಡು, ಒಂದೊಂದೇ ಗುಂಡಿ ಬಿಗಿಯಾಗಿ ಹಾಕಿ, ಕೆಲಸಕ್ಕೆ ನಿಂತ.